ಚಿಕ್ಕಪ್ಪ ತೂಗದೆ ಬಿಟ್ಟದ್ದು

ನಮ್ಮ ಚಿಕ್ಕಪ್ಪ ಈ ಲೋಕದಲ್ಲಿ ತೂಗದೆ ಬಿಟ್ಟದ್ದು ಒಂದನ್ನೇ! ಬಿಟ್ಟಾಗ ನಾನು ನಂದಿದುರ್ಗದ ಚಿನ್ನದ ಗಣಿಯ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ, ಅವನ ಅಡುಗೆಮನೆಯ ಹೊಸ್ತಿಲ ಬಳಿ, ಒಲೆಗೆ ಬೆನ್ನು ಮಾಡಿ ನಿಂತಿದ್ದೆ. ಬೆಳಗಿನ ಪಾಳಿಯ ಸೈರನ್ನು ಆಗತಾನೆ ಕೂಗಿ ನಿಂತಿತ್ತು. ಇಷ್ಟು ಖಚಿತವಾಗಿ ಹೇಳದಿದ್ದರೆ ಅವನನ್ನು ಬಲ್ಲವರು ನಂಬುವುದಿಲ್ಲ.

ಸೇರು, ಪಾವು ಹೋಗಿ ಕಿಲೋ ಬಂದ ಹೊಸತು. ನಾನು ಬಂಗಾರಪೇಟೆಯಿಂದ ಕೆಲಸಕ್ಕೆಂದು ಬಂದು ಅವನ ಮನೆಯಲ್ಲಿ ಉಳಿದಿದ್ದೆ. ಗಣಿಯ ಸ್ಟೋರಿನಲ್ಲಿ ಮೊಳೆ ತೂಗಿ ಕೊಡುತ್ತಿದ್ದ ಚಿಕ್ಕಪ್ಪನಿಗೆ ಒಂದು ದಿನ ಜ್ಞಾನೋದಯವಾಯಿತು: ಒಂದು ಪಾವು ಅಕ್ಕಿಯೂ ಒಂದು ಪಾವು ಅವಲಕ್ಕಿಯೂ ಒಂದೇ ತೂಕವಲ್ಲ! ಹಾಗಾದರೆ ಪಾವು ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳಲ್ಲವೇ? ಅಂದೇ ಅಡುಗೆಮನೆಯ ತೊಲೆಗೆ ತಕ್ಕಡಿ ನೇತುಬಿತ್ತು.

ಮೊದಲು ಚಿಕ್ಕಮ್ಮನ ಒಂದು ಹಿಡಿ ಬೇಳೆ ವಿಚಾರಣೆಗೆ ಬಂತು. ಮತ್ತೆ ಮತ್ತೆ ತೂಗಿದ; ಪ್ರತಿ ಸಲವೂ ಬೇರೆ. ಇದರಲ್ಲಿ ನಿಜವಾದ ಹಿಡಿ ಯಾವುದು ಎಂದು ಕೇಳಿದ.

“ಸಾರು ನೋಡ್ಕಂಡು ಬೆಳ್ಳು ಮಡಚ್ಕಂತವೆ,” ಎಂದಳು ಚಿಕ್ಕಮ್ಮ. “ನಿಮ್ ತಕ್ಕಡಿ ನೋಡ್ಕಂಡಲ್ಲ.”

ಅವಳ ತಂದೆ ಊಟಕ್ಕೆ ಬಂದ ದಿನ ರಾಗಿ ಹಿಟ್ಟು ತೂಗುವಾಗ ಐದು ಗ್ರಾಮಿನ ಹಿತ್ತಾಳೆ ಬಟ್ಟು ಕಾಣೆಯಾಯಿತು. ನಾವು ಮುದ್ದೆ ಅಗಿಯುವವರಲ್ಲ, ನುಂಗುವವರು. ಬಟ್ಟು ಯಾರ ಹೊಟ್ಟೆ ಸೇರಿತೆಂದು ನಾನು ಕಂಡಿಲ್ಲ. ಕಂಡದ್ದು ಇಷ್ಟೇ: ಒಂದು ತುತ್ತಿಗೆ ಆ ಹಿರಿಯರ ಕಣ್ಣು ಅಗಲವಾದವು, ಒಂದು ಚೊಂಬು ನೀರು ಕುಡಿದರು, ಈವತ್ತು ಮುದ್ದೆ ಸ್ವಲ್ಪ ಗಟ್ಟಿ ಎಂದು ಹೇಳಿ ರೈಲಿಗೆ ಹೊರಟರು. ಚಿಕ್ಕಪ್ಪನಿಗೆ ಮಾವನ ಚಿಂತೆಯಿರಲಿಲ್ಲ. ಐದು ಗ್ರಾಂ ಯಾವ ದಾರಿಯಲ್ಲಿ ವಾಪಸು ಬರುತ್ತದೆಂಬ ಚಿಂತೆ!

ಇದನ್ನೆಲ್ಲ ನಕ್ಕು ಮರೆಯಬಹುದಿತ್ತು. ಪಕ್ಕದ ಮನೆಯ ಕನ್ನಿಯಮ್ಮನ ವಿಷಯ ಹಾಗಲ್ಲ. ಲೈನಿನಲ್ಲಿ ಚಿಕ್ಕಮ್ಮನಿಗಿದ್ದ ಗೆಳತಿ ಅವಳೊಬ್ಬಳೇ. ಆಗ ಬಸುರಿಯಾಗಿದ್ದ ಚಿಕ್ಕಮ್ಮನ ಚೊಚ್ಚಲ ಹೆರಿಗೆಗೂ ಅವಳೇ ದಿಕ್ಕಾಗಬೇಕಿತ್ತು. ಕಡ ತಂದ ಅಕ್ಕಿಯನ್ನು ಪಾವಿನ ಮೇಲೆ ಗೋಪುರ ಏರಿಸಿ ಹಿಂತಿರುಗಿಸುವುದು ಲೈನಿನ ಮರ್ಯಾದೆ. ಚಿಕ್ಕಮ್ಮ ಅವಳಿಂದ ಕಡ ತಂದಿದ್ದ ಅಕ್ಕಿಗೆ ಏರಿಸಿದ್ದ ಗೋಪುರವನ್ನು ಚಿಕ್ಕಪ್ಪ ಸವರಿ ತೆಗೆದು, ತಂದಷ್ಟೇ ಗ್ರಾಂ ತೂಗಿ, ನನ್ನ ಕೈಯಲ್ಲಿ ಕಳಿಸಿದ.

ಕನ್ನಿಯಮ್ಮ ಪಾವಿನೊಳಗೆ ನೋಡಿದಳು. “ಗೋಪುರ ಯಾರು ತಿಂದ್ರು ತಂಬಿ?” ಎಂದು ಕೇಳಿ ಬಾಗಿಲು ಮುಚ್ಚಿದಳು. ಅಂದಿನಿಂದ ಅವಳು ಇತ್ತ ಬರಲಿಲ್ಲ. ಚಿಕ್ಕಮ್ಮ ಗೋಡೆಯ ಕಡೆ ಮುಖ ಮಾಡಿ ಕೂರುವಳು; ಆ ಗೋಡೆಯಾಚೆ ಕನ್ನಿಯಮ್ಮನ ಮನೆ.

ದಿನ ತುಂಬುವ ಮೊದಲೇ ಚಿಕ್ಕಮ್ಮನಿಗೆ ಹೆರಿಗೆ ನೋವು ಬಂತು. ಆ ಬಾಗಿಲು ತಟ್ಟಲು ಚಿಕ್ಕಪ್ಪನಿಗೆ ಮುಖವಿರಲಿಲ್ಲ, ನಾನು ತಟ್ಟಿದೆ. ಕನ್ನಿಯಮ್ಮ ನನ್ನನ್ನು ದಾಟಿ ಓಡಿದಳು.

ಬೆಳಕು ಹರಿದಾಗ ಅವಳು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಗೆ ತಂದಳು. ಮಗು ಬಹಳ ಸಣ್ಣದು. ಅಳು ಕೇಳಿಯೂ ಕೇಳದಷ್ಟು. ತಲೆಯ ಮೇಲೆ ನೇತಾಡುತ್ತಿದ್ದ ತಕ್ಕಡಿಯನ್ನು ನೋಡಿ ಕೇಳಿದಳು:

“ತೂಗ್ಬುಟ್ಟು ತಕ್ಕಂತೀರಾ ಸಾಮಿ?”

ಚಿಕ್ಕಪ್ಪ ತಕ್ಕಡಿಯ ಕಡೆ ನೋಡಲಿಲ್ಲ. ಎರಡೂ ಕೈ ಜೋಡಿಸಿ ಮುಂದೆ ಚಾಚಿದ. ಕನ್ನಿಯಮ್ಮ ಮಗುವನ್ನು ಆ ಕೈಗಳಲ್ಲಿ ಇಟ್ಟಳು.

ಎಷ್ಟಿದೆ ಎಂದು ಒಳಗಿನಿಂದ ಚಿಕ್ಕಮ್ಮ ಕೇಳಿದಳು.

“ಒಂದು ಬೊಗಸೆ,” ಎಂದ ಚಿಕ್ಕಪ್ಪ. “ತುಂಬ್ಕಂಡೈತೆ ಕಣೇ.”

ಮರುದಿನ ಅವನೇ ಒಂದು ಪಾವು ಅಕ್ಕಿಗೆ ಗೋಪುರ ಏರಿಸಿಕೊಂಡು ಪಕ್ಕದ ಮನೆಗೆ ಹೋದ. ದಾರಿಯುದ್ದಕ್ಕೂ ಚೆಲ್ಲಿತು, ಕೋಳಿಗಳು ಹಿಂದೆಯೇ ಹೋದವು. ಅವನು ತಿರುಗಿ ನೋಡಲಿಲ್ಲ.

ಅಂದು ಅಡುಗೆಮನೆಯಲ್ಲಿದ್ದವರಲ್ಲಿ ಚಿಕ್ಕಪ್ಪ ಈಗಿಲ್ಲ. ಕನ್ನಿಯಮ್ಮ ಬಂಗಾರಪೇಟೆಯ ಮಗಳ ಮನೆಯಲ್ಲಿದ್ದಾಳೆ. ಬೇಕಾದವರು ಹೋಗಿ ಕೇಳಬಹುದು. ಇನ್ನೊಬ್ಬನೂ ಇದ್ದಾನೆ. ಅವನು ಆಗ ಆ ಬೊಗಸೆಯಲ್ಲಿದ್ದ.