ಒರೆಗಲ್ಲಿಗೆ ಉಜ್ಜಿದ ನಿಬ್ಬು

ಚಲುವರಾಜುವಿಗೆ ಆ ಪೆನ್ನಿನ ಮೇಲೆ ಮನಸ್ಸಾದದ್ದೇ ತಪ್ಪು. ಕೆ.ಆರ್. ಪೇಟೆಯಲ್ಲಿ ಕ್ರಯಪತ್ರ, ವಿಭಾಗಪತ್ರ ಬರೆದುಕೊಟ್ಟು ಬದುಕುವ ಮನುಷ್ಯನಿಗೆ ಹತ್ತು ರೂಪಾಯಿಯ ಪೆನ್ನು ಸಾಲದೇ? ಸಾಲದಂತೆ! ನಿವೃತ್ತ ಮೇಷ್ಟ್ರು ಕೆಂಪಣ್ಣನವರ ಜರ್ಮನಿ ಪೆನ್ನೇ ಬೇಕು. ಕರೀ ಮೈ, ಚಿನ್ನದ ನಿಬ್ಬು, ಬೆಲೆ ಹದಿನೈದು ಸಾವಿರ. ಹಣವೇನೋ ಇತ್ತು, ಹೆಂಡತಿ ಚಂದ್ರಕಲಳ ಓಲೆಗೆಂದು ಕೂಡಿಟ್ಟದ್ದು. ಅದನ್ನು ಮುಟ್ಟಿದರೆ ಮನೆಯಲ್ಲಿ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ತಕ್ಕೊಂಡೋಗಿ ನೋಡಪ್ಪಾ. ಒಪ್ಗೆ ಆದ್ರೆ ದುಡ್ಡು ಕೊಡು. ಇಲ್ದಿದ್ರೆ ಸಂಜೆ ಐದ್ರೊಳ್ಗೆ ಎಂಗ್ ಕೊಟ್ನೋ ಅಂಗೇ ವಾಪಸ್ ಕೊಡು," ಎಂದಿದ್ದರು ಮೇಷ್ಟ್ರು.

ಬರೆದು ನೋಡಬಹುದಿತ್ತು. ಆದರೆ ಹೊಸ ಪೆನ್ನಿಗೆ ಅರಿಶಿನ ಕುಂಕುಮ ಇಟ್ಟು ಶ್ರೀಕಾರ ಹಾಕಿಯೇ ಬಳಸುವುದು ಅವನ ಅಪ್ಪನ ಕಾಲದ ಪದ್ಧತಿ. ಕಾಸು ಕೊಡದ ಪೆನ್ನಿನಲ್ಲಿ ಗೆರೆಯನ್ನೂ ಎಳೆಯುವಂತಿಲ್ಲ. ಜೇಬಿಗೆ ಸಿಕ್ಕಿಸಿಕೊಂಡು, ಕೊಳ್ಳಲೇ ಬೇಡವೇ ಎಂದು ಮಧ್ಯಾಹ್ನದವರೆಗೆ ಬೆವರಿದ.

ಮೂರು ಗಂಟೆಗೆ ಪಕ್ಕದ ಜೆರಾಕ್ಸ್ ಅಂಗಡಿಯ ನಿಂಗರಾಜು ಅದನ್ನು ಕಂಡುಬಿಟ್ಟ.

"ಚಿನ್ನ ಅಂತ ಯಾರ್ಲಾ ಏಳ್ದೋರು? ಬರೀ ಪಾಲೀಸು ಕಣ್ಲಾ. ನಡಿ, ಒರೆಗಾಕ್ಸಾನ."

"ಬ್ಯಾಡ ಕಣ್ಲಾ, ಇನ್ನೂ ನಂದಲ್ಲ."

"ಅದ್ಕೇ ಈಗ್ಲೇ ನೋಡ್ಬೇಕು! ಕಾಸ್ ಕೊಟ್ಮ್ಯಾಕೆ ನೋಡಿ ಏನ್ ಮಾಡೀಯೆ?"

ಮಾತು ಸರಿಯೆನಿಸಿತು. ಕೆಟ್ಟದ್ದು ಅಲ್ಲೇ.

ಅಕ್ಕಸಾಲಿ ಸುಬ್ರಹ್ಮಣ್ಯಾಚಾರಿ ನಿಬ್ಬಿನ ತುದಿಯನ್ನು ಒರೆಗಲ್ಲಿಗೆ ಒತ್ತಿ, ಹಳೇ ಬಳೆ ಉಜ್ಜಿದಂತೆ ಪರಪರ ನಾಲ್ಕು ಸಲ ಎಳೆದರು. ಗೆರೆಯ ಮೇಲೆ ಹನಿ ಆಸಿಡ್ಡು ಬಿಟ್ಟು ಕಣ್ಣು ಕಿರಿದು ಮಾಡಿದರು.

"ಚಿನ್ನವೇ ಕಣಪ್ಪಾ! ಅದಿನೆಂಟು ಕ್ಯಾರೆಟ್ಟು."

"ನಾ ಏಳ್ನಿಲ್ವಾ!" ಎಂದ ನಿಂಗರಾಜು, ನಾಚಿಕೆಗೆಟ್ಟವನು.

ಆದರೆ ನಿಬ್ಬಿನ ಮೂತಿ ಸವೆದು ಸೊಟ್ಟಗಾಗಿತ್ತು. ಪದ್ಧತಿ ಹಾಳಾಗಲಿ ಎಂದು ಚಲುವರಾಜು ಅದನ್ನು ಶಾಯಿಯಲ್ಲಿ ಅದ್ದಿ ಗೀಚಿದ. ಗೆರೆ ಮೂಡಲಿಲ್ಲ. ಮತ್ತೆ ಗೀಚಿದ. ಕಾಗದ ಹರಿಯಿತು.

"ಅಯ್ಯಯ್ಯೋ, ಕೆಟ್ಟೆ ಕಣ್ಲಾ! ಎಂಗ್ ಕೊಟ್ನೋ ಅಂಗೇ ಕೊಡು ಅಂದವ್ರೆ!"

"ಸುಮ್ಕೆ ಕೊಟ್ಬುಡ್ಲಾ, ಮೇಷ್ಟ್ರಿಗೆ ಕಣ್ಣು ಮಂಜು," ಎಂದ ನಿಂಗರಾಜು.

ಅಷ್ಟು ಧೈರ್ಯ ಎಲ್ಲಿಯದು? ಶಾಲೆಯಲ್ಲಿ ಅವರ ಬೆತ್ತದ ರುಚಿ ಕಂಡವನು ಅವನು. ಎಟಿಎಮ್ಮಿನಿಂದ ಓಲೆಯ ಹಣ ತೆಗೆದು, ಐದಕ್ಕೆ ಎರಡು ನಿಮಿಷವಿರುವಾಗ ಮೇಷ್ಟ್ರ ಮನೆ ಮುಟ್ಟಿದ.

"ಒಪ್ಗೆ ಆಯ್ತು ಸಾ," ಎಂದು ಪೆನ್ನನ್ನು ಜೇಬಿನಿಂದ ತೆಗೆಯದೆಯೇ ಹಣ ನೀಡಿದ. ಎಲ್ಲಿ, ತೋರಿಸು ಎಂದುಬಿಟ್ಟರೆ? ಪುಣ್ಯಕ್ಕೆ ಮೇಷ್ಟ್ರು ಕೇಳಲಿಲ್ಲ. ಬೆನ್ನು ತಟ್ಟಿ ಕಳಿಸಿ, ಬಾಗಿಲು ಹಾಕಿಕೊಂಡರು.

ಬದುಕಿದೆ ಎಂದು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಮೇಷ್ಟ್ರ ಹೆಂಡತಿ ಗೌರಮ್ಮನ ದನಿ ಕೇಳಿಸಿತು.

"ತಕ್ಕಂಡೇಬುಟ್ನಾ? ತಂದಾಗಿಂದ ಒಂದಕ್ಸರಾನೂ ಬರೀನಿಲ್ವಲ್ರೀ ಅದು!"

"ಮೆತ್ತಗ್ ಮಾತಾಡೇ! ಕಾಸ್ ಕೊಡೋಗಂಟ ಬರ್ದು ನೋಡಾಕಿಲ್ಲ ಅವ್ನು, ಅವ್ರಪ್ಪನೂ ಅಂಗೇ. ಅದ್ಕೇ ಅವ್ನಿಗೇ ಕೊಟ್ಟಿದ್ದು."

ಚಲುವರಾಜುವಿನ ಮೈ ಉರಿಯಿತು. ತಿರುಗಿ ದಬದಬ ಬಾಗಿಲು ಬಡಿದ. ಬಡಿದ ಮೇಲೆ ನಿಬ್ಬಿನ ಮೂತಿ ನೆನಪಾಯಿತು. ಬರೆಯದ ಪೆನ್ನು ಕೊಟ್ಟಿರಿ ಎಂದರೆ, ನಿಬ್ಬು ಸವೆಸಿದ್ದು ಯಾರು ಎನ್ನುವುದಿಲ್ಲವೇ? ಅಷ್ಟರಲ್ಲಿ ಬಾಗಿಲು ತೆರೆಯಿತು.

"ಏನಪ್ಪಾ?"

"ಏ... ಏನಿಲ್ಲ ಸಾ. ಪೆನ್ನು ಬೋ ಚೆಂದಾಗ್ ಬರೀತದೆ ಅಂತ ಏಳಾನ ಅಂತ ಬಂದೆ."

ಮೇಷ್ಟ್ರ ಮುಖ ಬಿಳುಚಿತು. ಒಳಗೆ ಹೋಗಿ ಕಾಗದವೊಂದನ್ನು ತಂದು ಅವನ ಮುಂದೆ ಹಿಡಿದರು.

"ಬರೀತದಾ? ಎಲ್ಲಿ, ಒಸಿ ಬರ್ದು ತೋರ್ಸು!"