ಮಂಚಣ್ಣನ ಕೊಕ್ಕೆ

ಎಲ್ಲದಕ್ಕೂ ಮೂಲ ದರ್ಜಿಯ ಮನೆಯ ಮಂಚ. ಅದು ಕಿರಗುಟ್ಟುತ್ತಿತ್ತು.

ಮಂಚ ಮಾಡಿಕೊಟ್ಟವನು ಎದುರು ಷೆಡ್ಡಿನ ಮಂಚಣ್ಣ. ಕಬ್ಬಿಣದ ಮಂಚ ಮಾಡುವುದೇ ಅವನ ಕಸುಬು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತಂತಿತ್ತು. ಬೀದಿಯ ಅರ್ಧ ಜನ ಅವನ ಮಂಚಗಳ ಮೇಲೇ ಮಲಗುತ್ತಿದ್ದರು, ಮಲಗಿಕೊಂಡೇ ಅವನ ಕೆಲಸದಲ್ಲಿ ಹುಳುಕು ಹುಡುಕುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ಹುಟ್ಟಿದ್ದು ಇಂಥ ಬೀದಿಯಲ್ಲೇ ಇರಬೇಕು.

ಆ ಭಾನುವಾರ ಬೆಳಿಗ್ಗೆ ಮಂಚಣ್ಣ ತನ್ನ ಹಳೆಯ ಜೀಪಿನ ಅಡಿಯಲ್ಲಿ ಅಂಗಾತ ಮಲಗಿ, ಅದರ ಮೂತಿಗೆ ಎಳೆಯುವ ಕೊಕ್ಕೆ ಕೂರಿಸುತ್ತಿದ್ದ. ಕತ್ತರಿ ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತಿದ್ದ ದರ್ಜಿ ರಸ್ತೆಯ ಆಚೆಯಿಂದಲೇ ಕೇಳಿದ.

“ಮಂಚಣ್ಣ, ಇದೂ ನಮ್ಮನೆ ಮಂಚದ ಥರ ಕಿರ್ ಅನ್ನುತ್ತಾ?”

ಜೀಪಿನಡಿಯಲ್ಲಿ ಸ್ಪ್ಯಾನರ್ ಇನ್ನೊಂದು ಸುತ್ತು ಜಾಸ್ತಿ ತಿರುಗಿತು.

ಈ ಕೊಕ್ಕೆಯ ಹಿಂದೆ ಒಂದು ಅವಮಾನವಿತ್ತು. ಊರಾಚೆಯ ಇಟ್ಟಿಗೆ ಗೂಡಿನ ಪಕ್ಕ ಮಣ್ಣು ತೆಗೆದು ತೆಗೆದು ದೊಡ್ಡ ಹೊಂಡವಾಗಿರುವ ಮೈದಾನವೊಂದಿದೆ. ಜೀಪಿನ ಹುಚ್ಚಿರುವ ಒಂದಷ್ಟು ಜನ ವರ್ಷಕ್ಕೊಮ್ಮೆ ಅಲ್ಲಿ ಸೇರಿ, ಕೆಸರಿನಲ್ಲಿ ಗಾಡಿ ಇಳಿಸಿ ಆಚೆ ದಡಕ್ಕೆ ಹತ್ತಿಸುತ್ತಾರೆ. ಈ ಕೆಸರು ಕೂಟದ ಅಧ್ಯಕ್ಷರು ಹಲ್ಲಿನ ಡಾಕ್ಟರು. ಹೋದ ವರ್ಷ ಮಂಚಣ್ಣನೂ ಹೋಗಿದ್ದ. ಅವನ ಹಿಂದೆ ಒಂದು ವ್ಯಾನು ತುಂಬ ಇಡೀ ಬೀದಿಯೇ ನೋಡಲು ಹೋಗಿತ್ತು. ಡಾಕ್ಟರು ಬಗ್ಗಿ ಜೀಪಿನ ಬಾಯಿ ನೋಡಿದವರಂತೆ ನೋಡಿ, ಕೊಕ್ಕೆ ಇಲ್ಲದ ಗಾಡಿಗೆ ಮೈದಾನದೊಳಗೆ ಪ್ರವೇಶವಿಲ್ಲ ಎಂದುಬಿಟ್ಟರು. ಸಿಕ್ಕಿಬಿದ್ದರೆ ಹಗ್ಗ ಕಟ್ಟುವುದು ಎಲ್ಲಿಗೆ? ಸ್ವಂತ ಷಡ್ಡಕನನ್ನೂ ಇದೇ ಕಾರಣಕ್ಕೆ ವಾಪಸು ಕಳಿಸಿದ ನಿಯಮದ ಮನುಷ್ಯ ಅವರು. ಬಂದ ವ್ಯಾನಿಗೆ ಸುಂಕವಿಲ್ಲ ಎಂಬಂತೆ ಬೀದಿ ಮಂದಿ ಹಿಂದಿರುಗಿದರು. ಅಂದಿನಿಂದ ಮಂಚಣ್ಣನ ಹೆಂಡತಿ ನಲ್ಲಿಗೆ ನೀರಿಗೆ ಹೋದರೂ ಯಾರಾದರೊಬ್ಬರು ಜೀಪಿನ ಯೋಗಕ್ಷೇಮ ವಿಚಾರಿಸುತ್ತಿದ್ದರು.

ಅದಕ್ಕೇ ಈ ವರ್ಷ ಮಂಚಣ್ಣ ಅಂಗಡಿಯ ಥಳಥಳ ಕೊಕ್ಕೆಗೆ ಕೈ ಹಾಕಲಿಲ್ಲ. ಅಂಥವನ್ನು ಬಂಪರಿಗೆ ಸಿಕ್ಕಿಸುತ್ತಾರೆ. ಬಂಪರು ಗಾಡಿಯ ಮೀಸೆ, ಮೀಸೆ ಹಿಡಿದು ಯಾರಾದರೂ ಮನುಷ್ಯನನ್ನು ಬಾವಿಯಿಂದ ಎತ್ತುತ್ತಾರೆಯೇ ಎನ್ನುವುದು ಅವನ ವಾದ. ಗುಜರಿಯಲ್ಲಿ ಬಿದ್ದಿದ್ದ ಬುಲ್ಡೋಜರಿನ ಮಣ್ಣು ತಳ್ಳುವ ಉಕ್ಕಿನ ಹಲಗೆಯಿಂದ ಹೆಬ್ಬೆರಳಿನಷ್ಟು ದಪ್ಪದ ತುಂಡು ಕತ್ತರಿಸಿ ತಂದ. ಅದಕ್ಕೆ ಮುಷ್ಟಿ ತೂರುವಷ್ಟು ಕಣ್ಣು ಕೊರೆದ. ಆ ಕಣ್ಣಿನ ಅಂಚನ್ನು ಅರದಿಂದ ಉಜ್ಜಿ ಉಜ್ಜಿ, ಹಗ್ಗಕ್ಕೆ ನೋವಾಗದಷ್ಟು ದುಂಡಗೆ ಮಾಡಿದ. ಜೀಪಿನ ಅಡಿಯಲ್ಲಿ ಇಡೀ ಮೈ ಹೊರುವ ಎರಡು ಉದ್ದನೆಯ ಉಕ್ಕಿನ ತೊಲೆಗಳಿವೆಯಲ್ಲ, ಆ ಚಾಸಿಗೇ ಬೋಲ್ಟು ಹಾಕಿದ. ತೊಲೆ ಒಳಗೆ ಟೊಳ್ಳು; ಬೋಲ್ಟು ಬಿಗಿದರೆ ಅಪ್ಪಚ್ಚಿಯಾಗುತ್ತದೆ. ಆಗಬಾರದೆಂದು ಒಳಗೆ ಪೈಪಿನ ತುಂಡುಗಳ ಆನಿಕೆ ಕೊಟ್ಟು ಬಿಗಿದ. ಕೆಲಸ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳುವಂತಿತ್ತು. ಇಷ್ಟು ಮಾಡಿ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ನಿವೃತ್ತ ಲೆಕ್ಕದ ಮೇಷ್ಟ್ರು ಪಕ್ಕದ ಮನೆಯಿಂದ ಬಂದು ಬಗ್ಗಿ ನೋಡುವ ಹೊತ್ತಿಗೆ ಮಂಚಣ್ಣ ವೆಲ್ಡಿಂಗ್ ಕಡ್ಡಿ ಹಿಡಿದು ನಟ್ಟುಗಳನ್ನೂ ಬೋಲ್ಟುಗಳಿಗೆ ಬೆಸೆಯುತ್ತಿದ್ದ.

“ಬೋಲ್ಟ್ ಸಾಕು ಕಣಯ್ಯ,” ಎಂದರು ಮೇಷ್ಟ್ರು. “ನಾಳೆ ಬಿಚ್ಚಬೇಕು ಅಂದ್ರೆ ಏನ್ ಮಾಡ್ತೀಯ?”

“ಬಿಚ್ಚೋಕೆ ಮಾಡಿದ್ದಲ್ಲ ಮೇಷ್ಟ್ರೇ ಇದು. ಜೀಪ್ ಮಣ್ಣಾದ್ರೂ ಕೊಕ್ಕೆ ಹಾಗೇ ಇರುತ್ತೆ.”

ಉತ್ತರ ಎಷ್ಟೇ ಸರಿಯಿದ್ದರೂ ತಾಳೆ ನೋಡದೆ ಅಂಕ ಕೊಡುವ ಅಭ್ಯಾಸ ಮೇಷ್ಟ್ರಿಗಿರಲಿಲ್ಲ. ಎಳೆದು ಪರೀಕ್ಷೆ ಮಾಡು ಎಂದರು. ಎಳೆಯಲು ಏನಾದರೂ ಗಟ್ಟಿ ವಸ್ತು ಬೇಕಲ್ಲ. ದರ್ಜಿ ತಾನಾಗಿ ಮುಂದೆ ಬಂದು ತನ್ನ ಅಂಗಡಿಯ ಚಪ್ಪರದ ಕಂಬ ತೋರಿಸಿದ. ಸಿಮೆಂಟು ಸುರಿದು ನೆಟ್ಟ ಕಂಬ, ನಿನ್ನ ಜೀಪಿನಂಥ ಹತ್ತು ಬಂದರೂ ಅಲ್ಲಾಡುವುದಿಲ್ಲ ಎಂದು ಎದೆ ತಟ್ಟಿ ಹೇಳಿದ. ಕೊಕ್ಕೆಗೂ ಕಂಬಕ್ಕೂ ಹಗ್ಗ ಬಿದ್ದಿತು. ಮಂಚಣ್ಣ ರಿವರ್ಸ್ ಗೇರು ಹಾಕಿ ಮೆಲ್ಲಗೆ ಹಿಂದಕ್ಕೆ ಹೊರಟ.

ಕಂಬ ಬುಡಸಮೇತ, ಸಿಮೆಂಟಿನ ಗಡ್ಡೆಯೊಂದಿಗೆ ಮೂಲಂಗಿಯ ಹಾಗೆ ಕಿತ್ತುಬಂತು. ಚಪ್ಪರ ನಿಧಾನವಾಗಿ ಬಾಗಿ, ಹೊಲಿಗೆ ಯಂತ್ರದ ಮೇಲೂ ದರ್ಜಿಯ ಮೇಲೂ ಒಟ್ಟಿಗೇ ಮಲಗಿತು. ಅವನನ್ನು ಹೊರಗೆ ಎಳೆಯುವ ಮೊದಲು ಮಂಚಣ್ಣ ಜೀಪಿನ ಮುಂದೆ ಮಂಡಿಯೂರಿ ಕೊಕ್ಕೆ ನೋಡಿಕೊಂಡ. ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ.

“ಕಿರ್ ಅಂತಾ?” ಎಂದು ಚಪ್ಪರದ ಕಡೆ ತಿರುಗಿ ಕೇಳಿದ.

ಈ ವರ್ಷದ ಕೆಸರು ಕೂಟ ಅವತ್ತೇ ಇತ್ತು. ಸಂಜೆ ಬಂದು ಕಂಬ ನೆಟ್ಟುಕೊಡುವುದಾಗಿ ಮಾತು ಕೊಟ್ಟಮೇಲೆಯೇ ದರ್ಜಿ ವ್ಯಾನು ಹತ್ತಿದ್ದು. ಮತ್ತೆ ಇಡೀ ಬೀದಿ ಮೈದಾನಕ್ಕೆ ಹೊರಟಿತು. ಮಂಚಣ್ಣನ ಹೆಂಡತಿ ಕಿಟಕಿಯ ಪಕ್ಕ ಕೂತು, ಈ ಸಲವಾದರೂ ಮರ್ಯಾದೆ ಉಳಿಯಲಿ ಎಂದುಕೊಳ್ಳುತ್ತ ಮುಂದೆ ಹೋಗುತ್ತಿದ್ದ ಜೀಪನ್ನೇ ನೋಡುತ್ತಿದ್ದಳು.

ಮೈದಾನದ ಬಾಗಿಲಲ್ಲಿ ಹಲ್ಲಿನ ಡಾಕ್ಟರು ಪುಟ್ಟ ಸುತ್ತಿಗೆ ಹಿಡಿದು ಗಾಡಿಗಳ ಕೊಕ್ಕೆಗಳನ್ನು ಒಂದೊಂದಾಗಿ ಕುಟ್ಟಿ ನೋಡುತ್ತಿದ್ದರು. ಮಂಚಣ್ಣನ ಕೊಕ್ಕೆಗೆ ಕುಟ್ಟಿದರು. ಮತ್ತೊಮ್ಮೆ ಕುಟ್ಟಿದರು. ಟಾರ್ಚು ತರಿಸಿ ಅಡಿಗೆ ಇಣುಕಿದರು. ಎದ್ದು ನಿಂತವರ ಮುಖದಲ್ಲಿ ಭಕ್ತಿಯೇ ಇತ್ತು.

“ಇಷ್ಟು ಗಟ್ಟಿ ಬೇರು ಯಾವ ದವಡೆಯಲ್ಲೂ ನೋಡಿಲ್ಲ ನಾನು. ಯಾರು ಮಾಡಿದ್ದು?”

“ನಾನೇ ಸಾರ್,” ಎಂದ ಮಂಚಣ್ಣ. ಆ ಎರಡು ಪದಗಳನ್ನು ಹೇಳುವುದಕ್ಕೇ ಅವನು ಒಂದು ವರ್ಷ ಕಾದಿದ್ದ. ವ್ಯಾನಿನ ಕಿಟಕಿಗೂ ಕೇಳಲೆಂದು ಇನ್ನೊಂದು ಸಲ ಹೇಳಿದ.

ಡಾಕ್ಟರು ಅವನ ಹೆಗಲ ಮೇಲೆ ಕೈ ಹಾಕಿ ಹೊಂಡದ ದಡಕ್ಕೆ ಕರೆದುಕೊಂಡು ಹೋದರು. ಇಂಥ ಕೊಕ್ಕೆ ಇರುವ ಗಾಡಿ ಇಲ್ಲಿ ನಿಂತಿದ್ದರೆ ಉಳಿದವರಿಗೆಲ್ಲ ಧೈರ್ಯ. ಯಾರೇ ಸಿಕ್ಕಿಬಿದ್ದರೂ ನೀವೇ ಗತಿ. ಎಲ್ಲರದೂ ಆದಮೇಲೆ ನಿಮ್ಮ ಸರದಿ ಎಂದರು. ಹೊಗಳಿಕೆಗೆ ಉಬ್ಬಿದ್ದ ಮಂಚಣ್ಣ ತಲೆಯಾಡಿಸಿಬಿಟ್ಟ.

ಮೊದಲು ವಕೀಲರ ಗಾಡಿ ಸಿಕ್ಕಿಕೊಂಡಿತು. ಮಂಚಣ್ಣ ಹಗ್ಗ ಹಾಕಿ, ರಿವರ್ಸಿನಲ್ಲಿ ಎಳೆದು ದಡ ಕಾಣಿಸಿದ. ಬೀದಿ ಮಂದಿ ಚಪ್ಪಾಳೆ ಹೊಡೆದರು, ದರ್ಜಿ ಕೂಡ. ಆಮೇಲೆ ಔಷಧಿ ಅಂಗಡಿಯವನದು. ಆಮೇಲೆ ಮತ್ತೆ ವಕೀಲರದು. ಅವರಿಗೆ ಮೇಲ್ಮನವಿಯ ಅಭ್ಯಾಸ. ಬಿಸಿಲು ಏರಿದಂತೆ ಮಂಚಣ್ಣನ ಎದೆಯೂ ಉಬ್ಬುತ್ತ ಹೋಯಿತು. ಪ್ರತಿ ಸಲ ಎಳೆದಮೇಲೂ ಬಗ್ಗಿ ಕೊಕ್ಕೆಯ ಕೆಸರು ಒರೆಸಿ, ಕೂಸಿನ ಮೂಗು ಒರೆಸಿದ ತಾಯಿಯಂತೆ ಒಂದು ಕ್ಷಣ ನೋಡುತ್ತಿದ್ದ. ಆದರೆ ತನ್ನ ಸರದಿ ಬಂತು ಎನ್ನುವಷ್ಟರಲ್ಲಿ ಇನ್ನೊಬ್ಬ ಹೊಂಡದಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹೊತ್ತು ಇಳಿಯಿತು. ದಿನವಿಡೀ ಚಕ್ರ ತಿರುಗಿ ತಿರುಗಿ ಹೊಂಡ ಗಂಜಿಯಾಗಿತ್ತು. ಡಾಕ್ಟರು ಎಲ್ಲರನ್ನೂ ಸೇರಿಸಿ, ಈ ದಿನದ ವೀರ ಮಂಚಣ್ಣನೇ ಎಂದು ಭಾಷಣ ಮಾಡಿದರು. ಇನ್ನು ಈ ಕೆಸರಿಗೆ ಇಳಿಯುವುದು ಬೇಡ, ಮರ್ಯಾದೆಯಿಂದ ಮನೆಗೆ ಹೋಗೋಣ ಎಂದೂ ಸೇರಿಸಿದರು. ಮಂಚಣ್ಣನಿಗೂ ಒಂದು ಗಳಿಗೆ ಅದೇ ಸರಿ ಎನ್ನಿಸಿತ್ತು. ಅಷ್ಟರಲ್ಲಿ ಹೆಂಡತಿ ವ್ಯಾನಿನಿಂದ ಇಳಿದು ಬಂದು ಪಕ್ಕದಲ್ಲಿ ನಿಂತಳು.

“ರೀ, ಒಂದೇ ಒಂದು ಸಲ ಓಡಿಸಿಬಿಡಿ. ಈ ವರ್ಷನೂ ಮಂಚಣ್ಣ ಬರೀ ದಡದಲ್ಲೇ ನಿಂತಿದ್ದ ಅಂತ ನಲ್ಲಿ ಹತ್ತಿರ ಕೇಳಿಸಿಕೊಳ್ಳೋಕೆ ನನ್ನ ಕೈಲಾಗಲ್ಲ.”

ಮಂಚಣ್ಣ ಜೀಪು ಹತ್ತಿದ. ಗೆದ್ದ ಎತ್ತಿನ ಬಾಲ ಹಿಡಿಯುವವರು ಬಹಳ. ಮೇಷ್ಟ್ರೂ ದರ್ಜಿಯೂ ಕರೆಯದೆಯೇ ಹಿಂದಿನ ಸೀಟು ಹತ್ತಿದರು. ಅವರ ಹಿಂದೆ ಇನ್ನೂ ಮೂರು ಜನ. ಜೀಪು ಗರ್ಜಿಸಿ ಇಳಿಯಿತು, ಎರಡೂ ಕಡೆ ಕೆಸರಿನ ರೆಕ್ಕೆ ಹಾರಿತು, ಹೆಂಡತಿ ಬಾಳಿನಲ್ಲಿ ಮೊದಲ ಸಲ ಸಾರ್ವಜನಿಕವಾಗಿ ಕೂಗಿದಳು. ನಡುಹೊಂಡದಲ್ಲಿ ಜೀಪು ಒಂದು ನಿಟ್ಟುಸಿರು ಬಿಟ್ಟು, ಎಮ್ಮೆ ಮಲಗಿದಂತೆ ಮಲಗಿತು.

ಯಾರೂ ಗಾಬರಿಯಾಗಲಿಲ್ಲ. ಕೊಕ್ಕೆ ಇದೆಯಲ್ಲ!

ಮಂಚಣ್ಣ ಸೊಂಟದವರೆಗೆ ಕೆಸರಿನಲ್ಲಿಳಿದು ತಾನೇ ಹಗ್ಗ ಕಟ್ಟಿದ. ಹಗ್ಗದ ಇನ್ನೊಂದು ತುದಿಯನ್ನು ವಕೀಲರು ತಮ್ಮ ಗಾಡಿಯ ಕೊಕ್ಕೆಗೆ ಹಾಕಿ ಎಳೆದರು. ಟಪ್ ಎಂದು ಅವರ ಕೊಕ್ಕೆ ಕಿತ್ತು ಬಂದು ಕೆಸರಿನಲ್ಲಿ ಮುಳುಗಿತು. ಔಷಧಿ ಅಂಗಡಿಯವನು ಎಳೆದ, ಅವನದು ಸೀಳಿತು. ಕೊನೆಗೆ ಅಧ್ಯಕ್ಷರೇ ಬಂದರು. ಡಾಕ್ಟರ ಹೊಸ ಗಾಡಿ ಒಮ್ಮೆ ಜಗ್ಗಿದ್ದೇ ತಡ, ಕೊಕ್ಕೆ ಮಾತ್ರವಲ್ಲ, ಬಂಪರೇ ಹಾಲುಹಲ್ಲಿನಂತೆ ನೋವಿಲ್ಲದೆ ಬಿದ್ದುಹೋಯಿತು. ಉಳಿದ ಗಾಡಿಗಳವರು ಇದನ್ನು ಕಂಡು, ಮನೆಯಲ್ಲಿ ನೆಂಟರು ಕಾಯುತ್ತಿದ್ದಾರೆ ಎಂದು ಜಾರಿಕೊಂಡರು. ಹಗ್ಗವನ್ನು ಗಾಡಿಯ ಬೇರೆ ಎಲ್ಲಾದರೂ ಕಟ್ಟೋಣ ಎಂದರೆ, ಈಗಷ್ಟೇ ಮೂತಿ ಕಳೆದುಕೊಂಡವರು ಬಾಲ ಮುಟ್ಟಲೂ ಬಿಡಲಿಲ್ಲ.

ಇಟ್ಟಿಗೆ ಗೂಡಿನ ಟ್ರಾಕ್ಟರಿನವನಿಗೆ ಹೇಳಿಕಳಿಸಿದರು. ಅವನು ಬಂದು ಹೊಂಡ ನೋಡಿ, ನಾನು ಸಿಕ್ಕಿಕೊಂಡರೆ ಯಾರು ಎಳೆಯುತ್ತಾರೆ ಎಂದು ಕೇಳಿದ. ಎಲ್ಲರೂ ಅಭ್ಯಾಸಬಲದಿಂದ ಮಂಚಣ್ಣನ ಜೀಪಿನ ಕಡೆ ಕೈ ತೋರಿಸಿದರು. ಟ್ರಾಕ್ಟರು ಹಾಗೇ ತಿರುಗಿ ಹೋಯಿತು.

ಪ್ರತಿ ಸಲ ಒಂದು ಕೊಕ್ಕೆ ಕಿತ್ತಾಗಲೂ ಮಂಚಣ್ಣ ತನ್ನ ಕೊಕ್ಕೆಯನ್ನು ತಡವಿ ನೋಡುತ್ತಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇಲ್ಲಿ ಜಟ್ಟಿಯ ಮೀಸೆ, ಮೂಗು, ಕಿವಿ ಎಲ್ಲ ಮಣ್ಣಾಗಿತ್ತು, ಕೊಕ್ಕೆಗೆ ಮಾತ್ರ ಏನೂ ಆಗಿರಲಿಲ್ಲ.

“ಒಂದು ದಾರಿ ಇದೆ,” ಎಂದರು ಡಾಕ್ಟರು ದಡದಿಂದ. “ನಿಮ್ಮ ಕೊಕ್ಕೆ ಬಿಚ್ಚಿ ನನ್ನ ಗಾಡಿಗೆ ಹಾಕಿ. ನಿಮ್ಮ ಜೀಪಿಗೆ ಹಗ್ಗಾನ ಚಾಸಿಗೇ ಸುತ್ತೋಣ.”

ಮಂಚಣ್ಣ ಬೆಳಿಗ್ಗೆ ತಾನೇ ಬೆಸೆದ ನಟ್ಟುಗಳನ್ನು ಕೆಸರಿನಲ್ಲಿ ತಡವಿ ನೋಡಿದ. ಹಿಂದಿನ ಸೀಟಿನಿಂದ ಒಂದು ಸಣ್ಣ ಕೆಮ್ಮು ಕೇಳಿಸಿತು.

“ಬೋಲ್ಟ್ ಸಾಕು ಅಂದಿದ್ದೆ ಕಣಯ್ಯ,” ಎಂದರು ಮೇಷ್ಟ್ರು.

ಹಾಗಾದರೆ ಉಳಿದ ದಾರಿ ಒಂದೇ: ಮಂಚಣ್ಣ ಷೆಡ್ಡಿಗೆ ಹೋಗಿ, ಅಂಥದೇ ಇನ್ನೊಂದು ಕೊಕ್ಕೆ ಮಾಡಿ ಡಾಕ್ಟರ ಗಾಡಿಗೆ ಹಾಕಿಕೊಡಬೇಕು. ಆಮೇಲೆ ಡಾಕ್ಟರು ಬಂದು ಎಳೆಯುತ್ತಾರೆ. ವಕೀಲರೂ ಔಷಧಿ ಅಂಗಡಿಯವನೂ ತಮಗೂ ಒಂದೊಂದು ಇರಲಿ ಎಂದು ಅಲ್ಲೇ ಹೇಳಿಟ್ಟರು. ಅಲ್ಲಿಯವರೆಗೆ ಡಾಕ್ಟರ ಗಾಡಿಯನ್ನು ಜೀಪಿನ ಕಾವಲಿಗೆ ಇಲ್ಲಿ ಬಿಟ್ಟುಹೋಗಬಹುದಲ್ಲ ಎಂದು ಮಂಚಣ್ಣನ ಹೆಂಡತಿ ಕೇಳಿದಳು. ಡಾಕ್ಟರು ಬಂಪರನ್ನು ಕಂಕುಳಲ್ಲಿ ಅವುಚಿಕೊಂಡು ನೊಂದ ದನಿಯಲ್ಲಿ ಹೇಳಿದರು.

“ಕೊಕ್ಕೆ ಇಲ್ಲದ ಗಾಡಿ ಮೈದಾನದಲ್ಲಿ ಇರೋ ಹಾಗಿಲ್ಲಮ್ಮ. ನಿಯಮ ನಿಯಮವೇ. ಈಗ ಇಲ್ಲಿ ಇರೋಕೆ ಯೋಗ್ಯತೆ ಇರೋ ಗಾಡಿ ನಿಮ್ಮದೊಂದೇ.”

ವ್ಯಾನಿನಲ್ಲಿ ಬೀದಿ ಮಂದಿಯ ಜೊತೆಗೆ ಷೆಡ್ಡಿಗೆ ಹೊರಟ ಡಾಕ್ಟರ ಬಂಪರೂ ಕೂತದ್ದರಿಂದ, ಮೈಯೆಲ್ಲ ಕೆಸರಾಗಿದ್ದ ಮಂಚಣ್ಣನಿಗೆ ಜಾಗ ಸಿಗಲಿಲ್ಲ. ನಡೆದುಕೊಂಡೇ ಬಂದ. ಬೀದಿಯ ತಿರುವಿನಲ್ಲಿ ದರ್ಜಿ ಕಂಬ ಹಿಡಿದು ಕಾಯುತ್ತಿದ್ದ. ಅದನ್ನು ನೆಟ್ಟು ಷೆಡ್ಡಿಗೆ ಬರುವ ಹೊತ್ತಿಗೆ ದೀಪ ಹಚ್ಚಿದ್ದರು. ಮಂಚಣ್ಣ ಕಾಲು ತೊಳೆಯದೆಯೇ ಬುಲ್ಡೋಜರಿನ ಹಲಗೆಯ ಉಳಿದ ತುಂಡು ಎತ್ತಿಕೊಂಡು, ಸೀಮೆಸುಣ್ಣದಲ್ಲಿ ಕೊಕ್ಕೆಯ ಆಕಾರ ಬರೆಯತೊಡಗಿದ. ತನ್ನನ್ನು ಬಿಟ್ಟರೆ ಈ ಬೀದಿಯಲ್ಲಿ ಇಂಥ ಗೆರೆ ಎಳೆಯುವವರು ಯಾರೂ ಇಲ್ಲ ಎಂದು ಅವನಿಗೆ ಗೊತ್ತಿತ್ತು, ಇವತ್ತು ಬೀದಿಗೂ ಗೊತ್ತಾಗಿತ್ತು.

ಹೆಂಡತಿ ಚಹಾ ತಂದಿಟ್ಟಳು.

“ಯಾರ ಗಾಡಿಗೆ ರೀ ಇದು?”

“ಡಾಕ್ಟ್ರ ಗಾಡಿಗೆ.”

“ನಮ್ಮ ಗಾಡಿಗೆ?”

“ನಮ್ಮದಕ್ಕೆ ಇದೆಯಲ್ಲೇ,” ಎಂದು ಮಂಚಣ್ಣ ಹೆಮ್ಮೆಯಿಂದ ಹೇಳಿ, ದಣಿದ ಮೈಯನ್ನು ಪಕ್ಕದಲ್ಲಿದ್ದ ಹೊಸ ಮಂಚದ ಮೇಲೆ ಊರಿದ.

ಮಂಚ ಕಿರ್ ಎಂದಿತು.