ಕಲಬೆರಕೆ ತೋರಿಸಿದವರಿಗೆ ಬಹುಮಾನ

ಅಂಗಡಿ ಸಾಮಾನಿನಲ್ಲಿ ಮೋಸ ಅನ್ನೋದು ಇವತ್ತು ನಿನ್ನೇದಲ್ಲ. ನಮ್ಮ ಮೂಕಂಡಪಲ್ಲೀಲಂತೂ ವಾರಕ್ಕೊಂದು ಆಗ್ತಿತ್ತು. ಮೊದಲು ಬೈಕೊಳ್ತಿದ್ವಿ, ಆಮೇಲೆ ಹೊಟ್ಟೆ ಹಿಡ್ಕೊಂಡು ನಗ್ತಿದ್ವಿ.

ಎಂಬತ್ತರ ಸುಮಾರು. ಹೊಸೂರಿನ ಸುತ್ತ ಫ್ಯಾಕ್ಟರಿಗಳು ಒಂದರ ಹಿಂದೆ ಒಂದು ಬತ್ತಾ ಇದ್ವು. ನಮ್ಮ ಮನೆಯೋರು ಒಂದ್ರಲ್ಲಿ ವಾಚ್‌ಮನ್. ನಾನು ಮನೆ ಜಗಲೀನೇ ಮೆಸ್ ಮಾಡ್ಬುಟ್ಟೆ. ಶಿಫ್ಟಿಗೆ ಹೋಗೋ ಹುಡುಗ್ರು ಬಂದು ಉಣ್ಣೋರು. ನಮ್ಮತ್ತೆ, "ಊರೋರಿಗೆಲ್ಲ ಬೇಯಿಸಿ ಹಾಕ್ಲಿ ಅಂತ ನಿನ್ನ ತಂದ್ಕೊಂಡ್ವಾ?" ಅಂತ ದಿನಾ ಚುಚ್ಚೋರು. ನಮ್ಮ ಮನೆಯೋರ ಫ್ಯಾಕ್ಟರೀಲಿ ಕ್ಯಾಂಟೀನು ನಡೆಸೋ ಕೆಲ್ಸ ನಂಗೆ ಸಿಕ್ಕಿಬುಟ್ರೆ ಅತ್ತೆ ಬಾಯಿ ಮುಚ್ತದೆ, ಸಿಗದಿದ್ರೆ ಹುಡುಗ್ರೆಲ್ಲ ಅಲ್ಲೇ ಉಂಡು ನನ್ನ ಮೆಸ್ಸೇ ಮುಚ್ತದೆ. ನನ್ನ ಜೀವ ಎಲ್ಲಾ ಆ ಕ್ಯಾಂಟೀನ್ ಮೇಲೇ.

ಸಾಮಾನಿಗೆ ಇದ್ದದ್ದು ಎದುರುಗಡೆ ದಿನಸಿ ಅಂಗಡಿ. ಬೆಳಗಿನ ಶಿಫ್ಟಿಗೆ ಮುಂಚೆ ಬಾಗಿಲು ತೆಗಿಯೋನು ಅವನೊಬ್ನೇ. ಅಂಗಡಿ ಮೇಲೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೋರ್ಡು: "ಶುದ್ಧ ಸಾಮಾನು. ಕಲಬೆರಕೆ ತೋರಿಸಿದವರಿಗೆ ಬಹುಮಾನ." ಎಷ್ಟು ಧೈರ್ಯ ನೋಡಿ ಮಾರಾಯನಿಗೆ!

ಬೇಳೆ ಊರಿನ ಕಲ್ಲು

ಒಂದಿನ ಊಟದ ಮಧ್ಯೆ ಲೇತ್ ಓಡಿಸೋ ಹುಡುಗನ ಬಾಯಲ್ಲಿ 'ಕಟಕ್' ಅಂತು. ದವಡೆ ಹಿಡ್ಕೊಂಡು, "ಅಕ್ಕಾ, ಬೇಳೆ ಇನ್ನೊಂಚೂರು ಬೇಯ್ಬೇಕಿತ್ತು" ಅಂದ.

"ಲೇ, ಅದನ್ನ ಬೇಯಿಸ್ಬೇಕಾದ್ರೆ ನಿಮ್ಮ ಫ್ಯಾಕ್ಟರಿ ಕುಲುಮೆಗೇ ಹಾಕ್ಬೇಕು ಕಣ್ಲಾ" ಅಂದೆ.

ತೊಳೆದು ನೋಡಿದ್ರೆ ಕಲ್ಲು! ಬೇಳೆ ಬಣ್ಣವೇ, ಬೇಳೆ ಗಾತ್ರವೇ. ಸೆರಗಿನ ತುದೀಲಿ ಕಟ್ಕೊಂಡು ಅಂಗಡಿಗೆ ಹೋದೆ. ಅವನು ಅದನ್ನ ಬೆಳಕಿಗೆ ಹಿಡಿದು ನೋಡಿದ.

"ಅಕ್ಕಾ, ನಮ್ಮ ಕೃಷ್ಣಗಿರಿ ಕಡೆ ಕಲ್ಲು ಹಿಂಗಿರ್ತದಾ? ಇದು ಬೇಳೆ ಬೆಳೆದ ಊರಿನ ಕಲ್ಲು. ಅಲ್ಲಿಂದ ಬೇಳೆ ಜೊತೇಲೇ ಬಂದದೆ. ಮಾಲು ಅಸಲಿ ಅನ್ನೋಕೆ ಇನ್ನೇನು ಸಾಕ್ಷಿ ಬೇಕು?"

"ಸಾಕ್ಷಿ ಇರ್ಲಿ, ಬಹುಮಾನ ಕೊಡು" ಅಂತ ಬೋರ್ಡಿನ ಕಡೆ ಕೈ ತೋರಿಸಿದೆ. ಅವನು ಒಂದು ಕಾಪಿ ಪುಡಿ ಪೊಟ್ಟಣ ತೆಗೆದು ಕೊಟ್ಟ. ನಾನು ಗೆದ್ದೆ ಅಂತ ಬೀಗಿಕೊಂಡು ಬಂದು ಕಾಪಿ ಇಟ್ಟೆ. ಹುಣಸೆಬೀಜ ಹುರಿದು ಬೀಸಿದ ಪುಡಿ ಅದು! ಒಂದು ಗುಟುಕು ಕುಡಿದ ನಮ್ಮ ಮನೆಯೋರು ಲೋಟ ಕೆಳಗಿಟ್ರು.

"ಇನ್ಮೇಲೆ ಸಾರಲ್ಲಿ ಗುಂಡುಕಲ್ಲೇ ಸಿಕ್ಕಿದ್ರೂ ನೀನು ಬಾಯಿ ಬಿಡಬ್ಯಾಡ ಕಣೆ. ಬಹುಮಾನ ತಡ್ಕೊಳ್ಳೋ ಶಕ್ತಿ ನಂಗಿಲ್ಲ."

ನಾಯಿ ಮುಟ್ಟದ ಜೇನು

ಅತ್ತೆಗೆ ಕೆಮ್ಮು ಹತ್ಕೊಂತು. ಅಂಗಡೀಲಿ "ಅಂಚೆಟ್ಟಿ ಕಾಡಿನ ಜೇನು" ಅಂತ ಚೀಟಿ ಅಂಟಿಸಿದ ಸೀಸೆಗಳು ಬಂದಿದ್ವು. ಅಸಲಿ ಜೇನನ್ನ ನಾಯಿ ಮುಟ್ಟಲ್ಲ ಅಂತ ನಮ್ಮ ಕಡೆ ಒಂದು ನಂಬಿಕೆ. ಅಂಗಡಿಯೋನಿಗೂ ಅದು ಗೊತ್ತು. ಮೆಟ್ಟಿಲ ಮೇಲೆ ಮಲಗಿದ್ದ ತನ್ನ ನಾಯಿ ಮುಂದೆ ಎರಡು ತೊಟ್ಟು ಬಿಟ್ಟ. ನಾಯಿ ಒಂದ್ಸಲ ಮೂಸಿ ಆ ಕಡೆ ಮುಖ ತಿರುಗಿಸಿ ಮಲಗ್ತು.

"ನೋಡ್ದ್ರಾ ಅಕ್ಕಾ?" ಅಂದ. ನೋಡಿದೆ, ನಂಬಿದೆ, ಸೀಸೆ ತಂದೆ.

ಮನೇಲಿ ಅತ್ತೆಗೆ ಒಂದು ಚಮಚ ಕುಡಿಸಿ, ಇನ್ನೊಂದು ಹಾಕೋವಾಗ ಚಮಚ ಜಾರಿ ಜೇನು ಜಗಲಿ ಮೇಲೆ ಚೆಲ್ತು. ಬೀದೀಲಿದ್ದ ನಾಯಿಗಳೆಲ್ಲ ನೆಂಟರಿಷ್ಟರನ್ನ ಕರ್ಕೊಂಡು ಬಂದು ಜಗಲಿ ಸಾರಿಸಿದಂಗೆ ನೆಕ್ಕಿ ಹೋದ್ವು. ಉರಿದುಕೊಂಡು ಅಂಗಡಿಗೆ ಓಡಿದೆ. ಅವನಿರಲಿಲ್ಲ, ಅವನ ಹೆಂಡ್ತಿ ಇದ್ಲು. ಪಾಪ, ಆಯಮ್ಮನಿಗೆ ಮುಚ್ಚುಮರೆ ಗೊತ್ತಿಲ್ಲ.

"ಅಯ್ಯೋ ಅಕ್ಕಾ, ಹಿತ್ತಲಲ್ಲಿ ಬೆಲ್ಲದ ಪಾಕ ಕಾಸಿದಾಗೆಲ್ಲ ತಳ ನೆಕ್ಕೋದು ಅದೇ ನಾಯಿ. ದಿನಾ ಅದನ್ನೇ ನೆಕ್ಕಿದ್ರೆ ಅದಕ್ಕೂ ಬೇಸರ ಬರಲ್ವಾ?"

ಇನ್ನೇನು ಅತ್ತೆಗೆ ಹೇಳ್ಬೇಕು ಅಂತ ಬಂದ್ರೆ, ಅವರ ಕೆಮ್ಮು ನಿಂತೋಗಿತ್ತು! "ಕಾಡಿನ ಜೇನು ಅಂದ್ರೆ ಇದು. ಇನ್ನೊಂದು ಸೀಸೆ ತಗಂಬಾ" ಅಂದ್ರು.

ಆಯುಧಪೂಜೆ ಊಟ

ಕೊನೆಗೂ ನನ್ನ ದಿನ ಬಂತು. ಫ್ಯಾಕ್ಟರೀಲಿ ಆಯುಧಪೂಜೆ ಊಟ ನನ್ನ ಕೈಗೆ ಒಪ್ಪಿಸಿದ್ರು. ಕ್ಯಾಂಟೀನು ನೋಡ್ಕೊಳ್ಳೋ ಆಫೀಸರು ತಮಿಳರು, ಕನ್ನಡಾನೂ ಬರೋದು. "ಊಟ ಚೆನ್ನಾಗಿದ್ರೆ ಕ್ಯಾಂಟೀನು ನಿಮಗೇ" ಅಂದಿದ್ರು.

ಈ ಸಲ ಎದುರಂಗಡಿ ಸಹವಾಸವೇ ಬ್ಯಾಡ ಅಂತ ಸೂಳಗಿರಿ ಹತ್ರದ ತವರುಮನೆಯಿಂದ ಬೆಣ್ಣೆ ತರಿಸಿದೆ. ನುಗ್ಗೆಸೊಪ್ಪು ಹಾಕಿ ಕಾಸಿದೆ. ತುಪ್ಪ ಹರಳು ಹರಳಾಗಿ ಘಮಘಮ ಅಂತಿತ್ತು. ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು.

ಮಿಷಿನ್ನುಗಳಿಗೆಲ್ಲ ಕುಂಕುಮ, ಹೂವು. ಎಲೆ ಹಾಕಿ ಒಬ್ಬಟ್ಟು ಬಡಿಸಿ ತುಪ್ಪ ಹಾಕಿದ್ವಿ. ಅಂಗಡಿಯೋನೂ ಬಂದು ಮೊದಲ ಸಾಲಲ್ಲೇ ಕೂತಿದ್ದ, ಊಟ ಅಂದ್ರೆ ಬಿಡೋ ಪೈಕಿ ಅಲ್ಲ.

ಲೇತಿನ ಹುಡುಗ ಮೂಗು ಸೊಟ್ಟ ಮಾಡ್ದ. "ಅಕ್ಕಾ, ತುಪ್ಪ ಏನೋ ವಾಸನೆ ಬತ್ತದೆ. ನಿಮ್ಮ ಮೆಸ್ಸಿಂದು ಹಿಂಗಿರಲ್ವಲ್ಲ?"

ಆಫೀಸರು ಬೆರಳಲ್ಲಿ ಉಜ್ಜಿ ನೋಡಿ, "ಎನ್ನಮ್ಮಾ ಇದು? ಹರಳು ಹರಳಾಗಿದೆ. ರವೆ ಬೆರೆಸಿದೀರಾ?" ಅಂದ್ರು.

ಡಬ್ಬದ ತುಪ್ಪ ತಿಂದು ಬೆಳೆದ ನಾಲಿಗೆಗೆ ಹೆಂಗೆ ತಿಳಿಸೋದು? ಕ್ಯಾಂಟೀನು ಹೋಯ್ತು, ಅತ್ತೆ ಗೆದ್ರು ಅಂದ್ಕೊಂಡೆ. ಅಷ್ಟರಲ್ಲಿ ಆಫೀಸರು ಅಂಗಡಿಯೋನ ಕಡೆ ತಿರುಗಿದ್ರು. "ಇವರಿಗೆ ಸಾಮಾನು ಕೊಡೋದು ನೀನೇ ತಾನೆ? ನಾಳೆ ಇನ್ಸ್‌ಪೆಕ್ಟರ್ ಕರೆಸಿ ನಿನ್ನಂಗಡಿಗೆ ಬೀಗ ಹಾಕಿಸ್ತೀನಿ."

ಅವನು ಎಲೆ ಬಿಟ್ಟು ಎಗರಿ ನಿಂತ. ಹೆದರಿಕೆಗೆ ಮೂರು ಭಾಷೇನೂ ಒಟ್ಟಿಗೇ ಬಂತು. "ಸಾರ್, ಎನ್ ಕಡೈ ನೆಯ್ ಇಲ್ಲೆ! ನಾ ಅಂಗಡಿದಿ ಕಾದು! ನನ್ನಂಗಡೀದಲ್ಲ, ದೇವರಾಣೆ! ಇದು ಅಸಲಿ ತುಪ್ಪ ಸಾರ್! ನನ್ನಂಗಡೀಲಿ ಅಸಲಿ ಹೆಂಗೆ ಸಿಕ್ತದೆ?"

"ಅದೆಂಗೆ ನಂಬೋದು?"

"ಇರಿ ಸಾರ್, ತೋರಿಸ್ತೀನಿ!" ಅಂದೋನು ಎಂಜಲು ಕೈಲೇ ಅಂಗಡಿಗೆ ಓಡಿ, ಹಸು ಚಿತ್ರದ ತುಪ್ಪದ ಡಬ್ಬ ತಂದ. ನಾಯೀನೂ ಹಿಂದೇನೇ ಬಂತು. ಎರಡು ಎಲೇಲಿ ಎರಡು ತುಪ್ಪ ಇಟ್ಟ. "ನೋಡಿ ಸಾರ್, ನಂದು ಬರೀ ವನಸ್ಪತಿ, ಮೇಲೆ ಒಂಚೂರು ಬಣ್ಣ. ವಾಸನೆ ಇದ್ದದಾ? ಹರಳು ಇದ್ದದಾ? ನನ್ನ ನಾಯೀನೇ ನನ್ನ ಮಾಲು ಮುಟ್ಟಲ್ಲ!" ನಾಯಿ ಅವನ ಮಾನ ಉಳಿಸ್ತು. ಅವನ ಎಲೆ ಮೂಸಿ ಬಿಟ್ಟು, ನನ್ನ ತುಪ್ಪಾನ ಎಲೆ ಹರಿಯೋ ಹಂಗೆ ನೆಕ್ತು.

ಆಫೀಸರು ನಕ್ಕೂ ನಕ್ಕೂ ಕಣ್ಣೊರೆಸ್ಕೊಂಡ್ರು. "ಅಮ್ಮಾ, ಕ್ಯಾಂಟೀನು ನಿಮ್ದೇ" ಅಂದ್ರು. ನಾನು ಅಲ್ಲೇ ಮಿಷಿನ್ನಿಗೆ ಕೈ ಮುಗಿದುಬುಟ್ಟೆ.

ಅಂಗಡಿಯೋನು ಆಫೀಸರು ನಕ್ಕಿದ್ದು ನೋಡಿ ಬೀಗ ತಪ್ತು ಅಂತ ಉಸಿರು ಬಿಟ್ಟು ಮತ್ತೆ ಎಲೆ ಮುಂದೆ ಕೂತ. ಆಗ ಲೇತಿನ ಹುಡುಗ ಕೂಗಿದ:

"ಅಣ್ಣಾ, ಕಲಬೆರಕೆ ತೋರಿಸಿದೋನು ನೀನೇ! ಹೋಗಿ ಆ ಕಾಪಿ ಪುಡಿ ಪೊಟ್ಟಣ ನೀನೇ ತಗೊ!"